ಪೆನ್ಸಿಲಿನ ಪದಬಂಧ

ಔರಂಗಾಬಾದ್
ಆಗಸ್ಟ್ ೧೯೮೯

ಸುಮನಬಾಯಿಯವರಿಗೆ ರೇವಣಪ್ಪನ ಶರಣು.

ನಾಸಿಕದಲ್ಲಿ ಇರಲಾಗದೆ ಮಗಳ ಮನೆಗೆ ಬಂದಿದ್ದೇನೆ.

ನೀವು ತರಿಸುವ ಕನ್ನಡ ವಾರಪತ್ರಿಕೆ ಅಲ್ಲಿನ ನಮ್ಮ ಕನ್ನಡದವರ ಮನೆಮನೆ ಸುತ್ತುತ್ತದೆ. ಪದಬಂಧವನ್ನು ಪೆನ್ಸಿಲಿನಲ್ಲಿ ತುಂಬಿ, ಅಳಿಸಿ, ಮುಂದಿನ ಮನೆಗೆ ಕೊಡಬೇಕು. ಈ ಸಲ ಅದನ್ನು ಪೆನ್ನಿನಿಂದ ಕೆಡಿಸಿದವನು ನಾನು. ನನ್ನ ಸೊಸೆ ನೀಲಾಂಬಿಕಾ ಅಲ್ಲ.

ಸುಳಿವು ‘ಅರಸು’ ಎಂದಿತ್ತು, ಮೂರು ಅಕ್ಷರ. ನಾನು ‘ಒಡೆಯ’ ಅಂದೆ. “ಮಾಮಾ, ಅರಸು ಅಂದ್ರ ಹುಡುಕು ಅಂತನೂ ಆಗ್ತದಲ್ಲರಿ. ಕೆಳಗಿನ ಪದಕ್ಕ ಅದೇ ಕೂಡ್ತದ” ಅಂದಳು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು, ತಲೆ ಕೆಟ್ಟಿತು. “ನನಗ ಕನ್ನಡ ಕಲಿಸ್ತೀಯೇನ?” ಅಂತ ಪೆನ್ನು ತಗೊಂಡು ಒತ್ತಿ ಬರೆದೆ. ಉಳಿದದ್ದನ್ನೂ ಹಟಕ್ಕೆ ಹಾಗೇ ತುಂಬಿದೆ. ಒಂದೂ ಕೂಡಲಿಲ್ಲ.

ಹೋದ ರವಿವಾರ ನಿಮ್ಮ ಮನೆಯಲ್ಲಿ ಎಲ್ಲರೆದುರು ನೀವು ಅವಳನ್ನು ಬೈದು, ಇನ್ನು ಪತ್ರಿಕೆ ಕೊಡುವುದಿಲ್ಲ ಎಂದಿರಿ. ಅವಳು ನನ್ನ ಹೆಸರು ಎತ್ತಲಿಲ್ಲ. ನಾನು ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದೆ. “ಕಾಕಾ, ಸೊಸಿಗೆ ಸ್ವಲ್ಪ ಬುದ್ಧಿ ಹೇಳ್ರಿ” ಅಂದಿರಿ. ನಾನು ತಲೆಯಾಡಿಸಿದೆ.

ಅಡುಗೆ, ಬಟ್ಟೆ ಮುಗಿಸಿ ಅವಳು ತನಗಾಗಿ ಅಂತ ಕೂಡುತ್ತಿದ್ದದ್ದು ಆ ಪದಬಂಧಕ್ಕೆ ಮಾತ್ರ. ಪತ್ರಿಕೆ ಮತ್ತೆ ಕಳಿಸಿರಿ. ಈ ಕಾಗದದ ವಿಷಯ ಯಾರಿಗೂ ಹೇಳಬೇಡಿರಿ, ಹೇಳುವುದು ನನ್ನ ಕೆಲಸ. ಬರುವ ರವಿವಾರ ಎಲ್ಲರನ್ನೂ ಕರೆಯಿರಿ. ಅವಳು ಬೈಸಿಕೊಂಡದ್ದು ಎಲ್ಲರೆದುರು, ನಾನೂ ಅಲ್ಲೇ ಬಂದು ಹೇಳುತ್ತೇನೆ.

ಅಂದು ನನಗೆ ಕುರ್ಚಿ ಹಾಕಬೇಡಿರಿ.

ಇಂತಿ,
ರೇವಣಪ್ಪ