ಏಳರಲ್ಲಿ ಒಂದು ವರ್ಷ

ಅಕ್ಕಾ,

ನೀನು ತೀರಿಕೊಂಡು ಮೂರು ತಿಂಗಳಾದ ಮೇಲೆ, ಇವತ್ತು ದೂರದ ಮಿಷನ್ ಆಸ್ಪತ್ರೆಯಲ್ಲಿ ನಿನ್ನ ಜೊತೆ ಕೆಲಸ ಮಾಡುತ್ತಿದ್ದ ನರ್ಸಮ್ಮ ನನ್ನ ಹೊಲಿಗೆ ಅಂಗಡಿಗೆ ಬಂದರು. ಇಸ್ತ್ರಿಯ ಹಬೆಯಲ್ಲಿ ಬೀದಿಯೆಲ್ಲ ತೇಲುತ್ತಿದ್ದಂತಿತ್ತು. ಬಾಗಿಲಲ್ಲಿ ಬಿಸಿಲಿಗೆ ಬೆನ್ನು ಮಾಡಿ ನಿಂತವರನ್ನು ಕಂಡು ನೀನೇ ಅಂದುಕೊಂಡೆ.

"ಜ್ವರ ಏರಿದಾಗಲೂ ಸಂಜೆ ನಾಲ್ಕು ಗಂಟೆಗೆ ನಿಮ್ಮಕ್ಕ ಎದ್ದು ಕೂರ್ತಿದ್ರು," ಅಂದರು. "'ಈಗ ನನ್ನ ತಂಗಿ ನಮಗೋಸ್ಕರ ಮಂಡಿಯೂರಿರ್ತಾಳೆ, ಏಳ್ರೇ' ಅಂತ ಸುಸ್ತಾಗಿ ಕೂತಿದ್ದ ನಮ್ಮನ್ನೂ ಎಬ್ಬಿಸಿ ರೋಗಿಗಳ ಹತ್ರ ಹೋಗ್ತಿದ್ರು. ಏಳು ವರ್ಷ ನಿಮ್ಮ ಪ್ರಾರ್ಥನೆನೇ ನಮ್ಮನ್ನ ನಡೆಸಿದ್ದು."

ದಿನಾ ನಾಲ್ಕಕ್ಕೆ ನಿಮಗೋಸ್ಕರ ಪ್ರಾರ್ಥಿಸುತ್ತೇನೆ ಎಂದು ನೀನು ಹೊರಟ ದಿನ ನಾನು ಮಾತು ಕೊಟ್ಟಿದ್ದೆ. ಆಮೇಲೆ ನಾಲ್ಕು ಗಂಟೆ ಅಂದರೆ ಗಿರಾಕಿಗಳ ಹೊತ್ತಾಯಿತು, ಪ್ರಾರ್ಥನೆ ಬಿಟ್ಟುಹೋಯಿತು. ನೀನು ಪತ್ರದಲ್ಲಿ ಕೇಳಿದಾಗಲೆಲ್ಲ "ತಪ್ಪಿಸಿಲ್ಲ ಕಣೇ" ಎಂದು ಬರೆದೆ.

"ಏಳು ವರ್ಷ ಅಲ್ಲಮ್ಮ, ಒಂದೇ ವರ್ಷ," ಅಂದೆ. ಕತ್ತರಿ ಕೈಯಲ್ಲೇ ಇತ್ತು.

"ಒಂದೇ ವರ್ಷದ್ದು ಅಷ್ಟು ದೂರ ಬಂತಾ?" ಎಂದು ಅವರು ಮೆಲ್ಲಗೆ ನಕ್ಕರು. "ಸೋಮವಾರ ವಾಪಸ್ ಹೊರಟಿದೀನಿ. ಅಲ್ಲೀಗ ಉಳಿದಿರೋದು ನಾನೊಬ್ಬಳೇ. ನನಗೋಸ್ಕರ ಪ್ರಾರ್ಥನೆ ಮಾಡ್ತೀರಾ?"

ತಲೆಯಾಡಿಸಿದೆ.

ಅವರು ಹೋದ ಮೇಲೆ ಬಾಗಿಲು ಮುಂದೆ ಮಾಡಿ, ಬಟ್ಟೆಯ ಚೂರುಗಳ ನಡುವೆ ಮಂಡಿಯೂರಿದೆ. ಎಷ್ಟೋ ವರ್ಷದ ಮೇಲೆ ಕಣ್ಣು ಮುಚ್ಚಿ "ದೇವರೇ" ಎನ್ನಹೋದರೆ "ಅಕ್ಕಾ" ಎಂದು ಬಂತು. ಅಲ್ಲೇ ತಡೆದುಕೊಂಡೆ. ನಿನ್ನ ಹತ್ತಿರ ಹೇಳುವುದು ಬೇಕಾದಷ್ಟಿತ್ತು. ಅದನ್ನೆಲ್ಲ ಬದಿಗಿಟ್ಟು, ಸೋಮವಾರ ಹೊರಡುವವರಿಗಾಗಿ ಬೇಡಿಕೊಳ್ಳತೊಡಗಿದೆ.