ಗಾಡಿ ಎಳೆಯಲಿಲ್ಲ

ಮಂಗಳವಾರ, ಮಾರ್ಚ್ ೧೧

ಪ್ರೀತಿಯ ಅಕ್ಕನಿಗೆ,

ಎದುರಿಗೆ ಕೂತು ಹೇಳೋಣವೆಂದು ಎರಡು ಸಲ ನಿನ್ನ ಬಾಡಿಗೆ ಕೋಣೆಗೆ ಬಂದೆ. ಎರಡು ಸಲವೂ ನೀನು ಟೀ ಕೊಟ್ಟೆ, ಯಾಕೋ ಇಷ್ಟು ಸೊರಗಿದ್ದೀಯ ಎಂದು ಕೇಳಿದೆ. ಟೀ ಕುಡಿದು ವಾಪಸ್ಸು ಬಂದೆ. ಅದಕ್ಕೇ ಈ ಕಾಗದ. ಪೂರ್ತಿ ಓದು. ಆಮೇಲೆ ನನ್ನ ಮುಖ ನೋಡುವುದೋ ಬಿಡುವುದೋ ನಿನಗೇ ಬಿಟ್ಟದ್ದು.

ಅಮ್ಮನ ಸಾವಿಗೆ ಕಾರಣ ಭಾವ ಅಲ್ಲ ಅಕ್ಕಾ, ನಾನು.

ಅಮ್ಮನನ್ನು ಪ್ರತಿ ತಿಂಗಳೂ ಕಣ್ಣಿನ ಡಾಕ್ಟರ ಬಳಿಗೆ ಕರೆದೊಯ್ಯುತ್ತಿದ್ದವರು ಭಾವ. ಆಸ್ಪತ್ರೆಯ ಏರಿನಲ್ಲಿ ಗಾಡಿ ಏದುಸಿರು ಬಿಡುವುದನ್ನು ನೋಡಿ, ಇಳಿದು ನಡೆದರೆ ನಾನೇ ಮೊದಲು ಮೇಲಿರ್ತೀನಿ ಎಂದು ಅಮ್ಮ ಅವರನ್ನು ಛೇಡಿಸುತ್ತಿದ್ದಳು. ಅದನ್ನು ಭಾವ ನಗುತ್ತ ನನಗೆ ಹೇಳಿದರು. ಅಷ್ಟೇ. ರಿಪೇರಿ ಮಾಡು ಎನ್ನಲಿಲ್ಲ. ನಾನೇ, ಬಿಡಿ ಭಾವಾ, ಅರ್ಧ ಗಂಟೆ ಕೆಲಸ ಎಂದೆ.

ಆ ಗಾಡಿಯ ಇಂಜಿನ್‌ಗೆ ಟರ್ಬೊ ಇದೆ. ಇಂಜಿನ್ ಬಿಡುವ ಹೊಗೆಯ ರಭಸಕ್ಕೆ ತಿರುಗುವ ಚಕ್ರ ಅದು. ಹೊರಗಿನ ಗಾಳಿಯನ್ನು ಒತ್ತಿ ಒಳಗೆ ತುಂಬುತ್ತದೆ. ಗಾಳಿ ಹೆಚ್ಚಿದಷ್ಟೂ ಬಲ ಹೆಚ್ಚು, ಮಿತಿ ಮೀರಿದರೆ ಇಂಜಿನ್ನೇ ಹೋಗುತ್ತದೆ. ಆದ್ದರಿಂದ ಗಾಳಿಯ ಕೊಳವೆಯ ಮೇಲೆ ಹೆಬ್ಬೆರಳಷ್ಟು ದಪ್ಪದ ಸೆನ್ಸರ್ ಕೂತು, ಒತ್ತಡ ಎಷ್ಟಿದೆಯೆಂದು ಕ್ಷಣಕ್ಷಣಕ್ಕೂ ಗಾಡಿಯ ಕಂಪ್ಯೂಟರಿಗೆ ತಿಳಿಸುತ್ತಿರುತ್ತದೆ. ಅದನ್ನು ನೋಡಿಕೊಂಡು ಕಂಪ್ಯೂಟರ್ ಟರ್ಬೊವನ್ನು ಹದದಲ್ಲಿಡುತ್ತದೆ. ನಾನು ಇವೆರಡರ ನಡುವೆ ಬೆಂಕಿಪೊಟ್ಟಣದಷ್ಟು ದೊಡ್ಡ ಡಬ್ಬಿಯೊಂದನ್ನು ಕೂರಿಸಿದೆ. ಒತ್ತಡ ಇರುವುದಕ್ಕಿಂತ ಕಡಿಮೆಯೆಂದು ಅದು ಸುಳ್ಳು ಹೇಳುತ್ತದೆ. ಕಂಪ್ಯೂಟರ್ ನಂಬಿ ಇನ್ನಷ್ಟು ಗಾಳಿ ಒತ್ತಿಸುತ್ತದೆ. ಗಾಡಿ ಏರನ್ನು ಸಲೀಸಾಗಿ ಹತ್ತುತ್ತದೆ.

ಭಾವ ಹಿಂಜರಿದರು. ಮಾಡಿದವರು ಯೋಚನೆ ಮಾಡಿಯೇ ಮಿತಿ ಇಟ್ಟಿರ್ತಾರಲ್ವೇನೋ ಎಂದರು. ಇಪ್ಪತ್ತು ಗಾಡಿಗೆ ಹಾಕಿದ್ದೇನೆ, ಒಂದೂ ವಾಪಸ್ಸು ಬಂದಿಲ್ಲ ಎಂದೆ. ಹಾಕಿದ್ದು ಆರು, ಅಕ್ಕಾ. ಒಂದು ವಾಪಸ್ಸು ಬಂದಿತ್ತು.

ಆ ದಿನ ಬೆಸುಗೆ ಹಾಕುವ ಕಡ್ಡಿ ಕೆಟ್ಟಿತ್ತು. ತಂತಿಗಳನ್ನು ಹೊಸೆದು ಟೇಪು ಸುತ್ತಿದೆ. ಭಾನುವಾರ ಸರಿಯಾಗಿ ಬೆಸೆದರಾಯಿತು ಅಂದುಕೊಂಡೆ. ಐದು ಭಾನುವಾರ ಕಳೆದವು.

ಆಗಸ್ಟಿನ ಆ ಗುರುವಾರ ಭಾವ ಇಟ್ಟಿಗೆ ಲಾರಿಯೊಂದನ್ನು ದಾಟುತ್ತಿದ್ದರು. ಎದುರಿನ ಬಸ್ಸು ದೂರವಿತ್ತು, ದಾಟಲು ಬೇಕಾದಷ್ಟು ಸಮಯವಿತ್ತು. ಅರ್ಧ ದಾಟಿದಾಗ ನನ್ನ ಟೇಪು ಬಿಸಿಗೆ ಸಡಿಲಗೊಂಡು ತಂತಿ ಬಿಟ್ಟುಕೊಂಡಿತು. ಸೆನ್ಸರಿನ ಸುದ್ದಿ ನಿಂತರೆ ಕಂಪ್ಯೂಟರ್ ಅಪಾಯಕ್ಕೆ ಕೈ ಹಾಕುವುದಿಲ್ಲ. ಇಂಜಿನ್ ಉಳಿಸಲು ಟರ್ಬೊದ ಒತ್ತಡ ಇಳಿಸಿ, ಡೀಸೆಲ್ ತಗ್ಗಿಸಿ, ನಿಧಾನವಾಗಿ ಮನೆ ಸೇರುವಷ್ಟು ಬಲ ಮಾತ್ರ ಉಳಿಸುತ್ತದೆ. ಅದು ತನ್ನ ಕೆಲಸ ಸರಿಯಾಗಿಯೇ ಮಾಡಿತು. ಭಾವ ಆಕ್ಸಿಲರೇಟರ್ ಒತ್ತಿದರು, ಗಾಡಿ ಹೋಗಲಿಲ್ಲ, ಬಸ್ಸು ಬಂತು. ಎಡಕ್ಕೆ ಎಳೆದುಕೊಂಡರು. ಅಮ್ಮ ಕೂತಿದ್ದ ಬದಿ ಲಾರಿಯ ಹಿಂಭಾಗಕ್ಕೆ ನುಗ್ಗಿತು.

ನುಜ್ಜುಗುಜ್ಜಾದ ಗಾಡಿಯನ್ನು ನನ್ನ ರಿಪೇರಿ ಶೆಡ್ಡಿಗೇ ಎಳೆದು ತಂದರು. ಮೂರನೆಯ ದಿನ ಬೆಳಿಗ್ಗೆ ಬಾಗಿಲು ಎಳೆದುಕೊಂಡು, ಗಾಡಿಯ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಚ್ಚಿದೆ. ಕಂಪ್ಯೂಟರ್ ಆ ಗಳಿಗೆಯನ್ನು ಬರೆದಿಟ್ಟುಕೊಂಡಿತ್ತು. ವೇಗ ಎಪ್ಪತ್ತೆಂಟು. ಆಕ್ಸಿಲರೇಟರ್ ನೂರಕ್ಕೆ ನೂರು. ಒತ್ತಡದ ಸೆನ್ಸರಿನಿಂದ ಸುದ್ದಿಯಿಲ್ಲ. ಒಂದು ಹಾಳೆಯಲ್ಲಿ ಅಚ್ಚು ತೆಗೆದುಕೊಂಡೆ. ಯಾಕೆ ತೆಗೆದುಕೊಂಡೆನೋ ಗೊತ್ತಿಲ್ಲ. ಆಮೇಲೆ ಡಬ್ಬಿ ಕತ್ತರಿಸಿ ತೆಗೆದು, ತಂತಿಗಳನ್ನು ಮೊದಲಿನಂತೆ ಸೇರಿಸಿ, ಕಂಪ್ಯೂಟರಿನ ನೆನಪನ್ನು ಅಳಿಸಿದೆ. ಮರುದಿನ ಇನ್ಸ್‌ಪೆಕ್ಟರ್ ಬಂದು ನೋಡಿ, ಗಾಡಿಯಲ್ಲಿ ದೋಷವಿಲ್ಲ, ಚಾಲಕನ ತಪ್ಪು ಎಂದು ಬರೆದುಕೊಂಡು ಹೋದರು.

ಆ ಸಂಜೆ ಪಡಸಾಲೆಯಲ್ಲಿ ನಡೆದದ್ದು ನಿನಗೆ ನೆನಪಿರುತ್ತದೆ. ಭಾವ ಕೈಗೆ ಪಟ್ಟಿ ಕಟ್ಟಿಸಿಕೊಂಡು ಮೂಲೆಯ ಕುರ್ಚಿಯಲ್ಲಿ ಕೂತಿದ್ದರು. ಆಸ್ಪತ್ರೆಯಲ್ಲಿ ಅವರು ಮತ್ತೆ ಮತ್ತೆ ಹೇಳಿದ್ದು ಒಂದೇ: "ಗಾಡಿ ಎಳೀಲಿಲ್ಲ ಕಣೇ." ನೀನು ನನ್ನ ಕಡೆ ತಿರುಗಿದೆ.

"ನಿಜ ಹೇಳೋ. ಗಾಡಿ ಸರಿಯಾಗಿತ್ತಾ?"

"ಸರಿಯಾಗಿತ್ತಕ್ಕ."

ಭಾವ ನನ್ನನ್ನೇ ನೋಡಿದರು. ಆಮೇಲೆ ತಲೆ ತಗ್ಗಿಸಿದರು. ತಪ್ಪು ಒಪ್ಪಿಕೊಂಡರೆಂದು ನಿನಗನ್ನಿಸಿತು. ನನ್ನ ಆ ಒಂದು ಮಾತಿನ ಮೇಲೆ ನೀನು ಹದಿನಾರು ವರ್ಷದ ಸಂಸಾರ ಬಿಟ್ಟು ಬಂದೆ.

ಅಪ್ಪ ಹೋದಾಗ ನನಗೆ ಒಂಬತ್ತು ವರ್ಷ. ಅಮ್ಮ ಹೊರಗೆ ದುಡಿಯುತ್ತಿದ್ದಳು. ನನ್ನ ತಲೆ ಬಾಚಿ ಶಾಲೆಗೆ ಕಳಿಸಿದವಳು ನೀನು. ನೀನು ಹೇಗೆ ನೋಡುತ್ತೀಯೋ ಎಂಬ ಒಂದೇ ಹೆದರಿಕೆಗೆ ಏಳು ತಿಂಗಳು ಬಾಯಿ ಮುಚ್ಚಿಕೊಂಡಿದ್ದೆ. ಜೈಲಿಗೆ ಅಷ್ಟು ಹೆದರಿರಲಿಲ್ಲ.

ಬರುವ ಸೋಮವಾರ ಭಾವ ಕೋರ್ಟಿನಲ್ಲಿ ತಪ್ಪು ಒಪ್ಪಿಕೊಳ್ಳುತ್ತಾರಂತೆ. ಅವರ ವಕೀಲರು ಹೇಳಿದರು. ಅದಾಗಬಾರದು. ಡಬ್ಬಿ ಹಾಕಿಸಿಕೊಂಡಿದ್ದ ಉಳಿದ ಐವರ ಮನೆಗೂ ಹೋಗಿ, ಕಾರಣ ಹೇಳಿ, ಎಲ್ಲವನ್ನೂ ಕಿತ್ತು ತಂದಿದ್ದೇನೆ. ಒಬ್ಬರು ಕಪಾಳಕ್ಕೆ ಹೊಡೆದರು. ಶೆಡ್ಡಿಗೆ ಬೀಗ ಹಾಕಿಯಾಯಿತು. ನಾಳೆ ಬೆಳಿಗ್ಗೆ ಆ ಹಾಳೆ, ಆ ಡಬ್ಬಿ ಎರಡನ್ನೂ ತೆಗೆದುಕೊಂಡು ಠಾಣೆಗೆ ಹೋಗುತ್ತೇನೆ. ಹಾಳೆಯ ಪ್ರತಿ ಇದರ ಜೊತೆಗಿದೆ.

ಕ್ಷಮಿಸು ಎಂದು ಬರೆಯಲು ಕೈ ಬರುತ್ತಿಲ್ಲ. ಭಾವನಿಗೆ ಒಂದು ಫೋನ್ ಮಾಡು.

ಇಂತು ನಿನ್ನ ತಮ್ಮ,
ಗುಂಡ

ತಾ.ಕ.: ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ. ಇದನ್ನು ಬರೆಯಲು ಧೈರ್ಯವಿರಲಿಲ್ಲ. ಮೊನ್ನೆ ಭಾನುವಾರ, ನಿನಗಿಂತ ಮೊದಲು ಭಾವನ ಬಳಿಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವರಿಗೆ ಗೊತ್ತಿತ್ತು. ಅಪಘಾತವಾದ ಎರಡನೆಯ ದಿನ ನಾನು ಇಲ್ಲದಾಗ ಅಮ್ಮನ ಕನ್ನಡಕ ಹುಡುಕಿಕೊಂಡು ಶೆಡ್ಡಿಗೆ ಬಂದಿದ್ದರಂತೆ. ಬಾನೆಟ್ಟು ಬಾಯ್ಬಿಟ್ಟಿತ್ತು, ತಂತಿ ಬಿಟ್ಟುಕೊಂಡ ಡಬ್ಬಿ ನೇತಾಡುತ್ತಿತ್ತು. ಇನ್ಸ್‌ಪೆಕ್ಟರ ವರದಿಯಲ್ಲಿ ಅದು ಇಲ್ಲದಾಗ ಅರ್ಥ ಮಾಡಿಕೊಂಡರು. "ಅವಳಿಗೆ ಅಮ್ಮ ಹೋಗಿದ್ಲು ಕಣೋ. ತಮ್ಮನೂ ಹೋಗೋದು ಬೇಡ ಅನ್ನಿಸ್ತು" ಎಂದರು. ಈ ಕಾಗದ ಬರೆಯುವುದಿಲ್ಲವೆಂದು ನನ್ನ ಕೈಲಿ ಆಣೆ ಹಾಕಿಸಿಕೊಂಡರು.