ಕದ್ದ ಮಾಲಿಗೆ ವಿಭೂತಿಯಿಲ್ಲ

ಅವ್ವ,

ನಿನ್ನ ಕಂಪ್ಯೂಟರು ಕಳೆದ ವಾರ ನಮ್ಮನ್ನು ಕಳ್ಳರು ಅಂದಿತು. ಶಹಾಪುರದ ಬಸ್ ನಿಲ್ದಾಣದ ಎದುರಿನ ನಿನ್ನ ಡಿಟಿಪಿ ಅಂಗಡಿಯಲ್ಲಿ, ನಿನ್ನದೇ ಕುರ್ಚಿಯಲ್ಲಿ ಕೂತು ಓದಿದೆ: ಈ ಸಾಫ್ಟ್‌ವೇರಿನ ಪರವಾನಗಿ ಅಸಲಿಯಲ್ಲ. ಇಡೀ ಅಂಗಡಿಸಾಲಿನಲ್ಲಿ ಅಸಲಿ ಸಾಫ್ಟ್‌ವೇರ್ ಕೊಂಡವಳು ನೀನೊಬ್ಬಳೇ ಅಲ್ಲವೇ?

ನೀನು ಅದಕ್ಕೆ ಹೊಸ ಆವೃತ್ತಿ ಹಾಕಿದ ದಿನ ನೆನಪಾಯಿತು. ಡಿಸ್ಕಿನಲ್ಲಿ ಜಾಗವಿಲ್ಲದೆ ಕೆಲಸ ಅರ್ಧಕ್ಕೇ ನಿಂತಾಗ ನೀನು ಹಳೆಯ ಲಗ್ನಪತ್ರಿಕೆಗಳನ್ನು ತೆರೆದು, "ಇವರಿಗೆ ಮಕ್ಕಳೂ ಆಗ್ಯಾವ, ಇನ್ನ ಯಾಕ ಬೇಕು" ಎಂದು ಅಳಿಸುತ್ತ ಹೋದೆ. ಮತ್ತೆ ಶುರುವಾದಾಗ ಪಕ್ಕದ ಜ್ಯೂಸ್ ಅಂಗಡಿಗೆ ಓಡಿದೆ. "ತಮ್ಮಾ, ಸ್ವಲ್ಪ ಹೊತ್ತು ಮಿಕ್ಸರ್ ಹಚ್ಚಬ್ಯಾಡೋ. ಕರೆಂಟ್ ಹೋದ್ರ ನಮ್ಮ ಕಂಪ್ಯೂಟರ್ ಜೀವಾನೇ ಹೋಗ್ತದ!" ಅಷ್ಟು ಜತನ ಮಾಡಿದವಳಿಗೆ ಈ ಮಾತು...

ಅದರ ಹಿಂದಿನ ದಿನವಷ್ಟೇ ಸಿಡಿಲಿಗೆ ಮದರ್‌ಬೋರ್ಡ್ ಸುಟ್ಟಿತ್ತು. ರಿಪೇರಿಯ ಮಹಬೂಬಣ್ಣ ಬಂದು ಹೊಸದನ್ನು ಕೂಡಿಸಿದ. "ಬೋರ್ಡ್ ಬದಲಾತಲ್ಲವಾ, ಇದು ಬ್ಯಾರೆ ಯಂತ್ರ ಅಂತ ತಿಳ್ಕೊಂಡದ. ಲೈಸನ್ಸ್ ನಂಬರ್ ಹೇಳು, ಹೊಡದ್ರ ಆತು" ಅಂದ. ಇಬ್ಬರೂ ಸಿಪಿಯು ಡಬ್ಬಿಯ ಮುಂದೆ ಬಗ್ಗಿದೆವು. ಕಳೆಯಬಾರದೆಂದು ನೀನು ಅಲ್ಲಿ ಅಂಟಿಸಿದ್ದ ನಂಬರಿನ ಚೀಟಿ ಬೋಳಾಗಿತ್ತು! ಪ್ರತಿ ಖಂಡೇನವಮಿಯ ಆಯುಧಪೂಜೆಗೆ "ಇದರ ಹಣಿ ಇದೇ" ಎಂದು ಆ ಚೀಟಿಯನ್ನೇ ಒದ್ದೆ ಬಟ್ಟೆಯಿಂದ ಒರೆಸಿ, ಮೂರು ಬೆರಳಿನ ವಿಭೂತಿ ಎಳೆಯುತ್ತಿದ್ದೆಯಲ್ಲ.

ಮಹಬೂಬಣ್ಣ ಬಿದ್ದು ಬಿದ್ದು ನಕ್ಕ. "ಅಕ್ಕಾ ಪೂಜಿ ಮಾಡಿ ಮಾಡಿ ಲೈಸನ್ಸೇ ಒರಸ್ಯಾಳ! ಹೋಗ್ಲಿ ಬಿಡು, ಕ್ರ್ಯಾಕ್ ಹಾಕ್ತೀನಿ, ಲೈಸನ್ಸ್ ಕೇಳಂಗೇ ಇಲ್ಲ. ಸುರಪುರದಿಂದ ಯಾದಗಿರಿ ತನಕ ಎಲ್ಲಾರೂ ಅದೇ ಹಾಕ್ಯಾರ." ಇದೇ ಮಾತನ್ನು ಹಿಂದೆ ನಿನಗೂ ಹೇಳಿದ್ದ. ಆಗ ನೀನೇನಂದೆ? "ಕದ್ದ ಮಾಲಿಗೆ ನಾ ವಿಭೂತಿ ಹಚ್ಚಂಗಿಲ್ಲೋ, ಮಹಬೂಬ." ಈಗ ನಾನು ಹೂಂ ಅಂದುಬಿಟ್ಟರೆ ಈ ವರ್ಷ ಖಂಡೇನವಮಿಗೆ ಅದರ ಮುಂದೆ ಯಾವ ಮುಖದಿಂದ ಕೂರಲಿ?

ಕನ್ನಡ ಎಂ.ಎ. ಮುಗಿಸಿದರೂ ಗಿರಾಕಿಗಳ ಮುಂದೆ ನನ್ನ ದನಿ ಏಳುವುದಿಲ್ಲ, ನಿನಗೆ ಗೊತ್ತಲ್ಲ. ಆದರೂ ಸಾಫ್ಟ್‌ವೇರ್ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದೆ. ಮಾಲೀಕರಿಗೆ ಫೋನ್ ಕೊಡಿ ಅಂದರು. ಇಲ್ಲ ಅಂದೆ. ಯಾವಾಗ ಬರುತ್ತಾರೆ ಅಂದರು. ಯಾವಾಗ ಬರುತ್ತಾರೆ ಅಂತ, ಅವ್ವ! ತೀರಿಕೊಂಡರು ಅಂದ ಮೇಲೂ ಆ ದನಿ ಒಂದಿಷ್ಟೂ ಬದಲಾಗಲಿಲ್ಲ. ನಂಬರ್ ಇಲ್ಲದಿದ್ದರೆ ಹೊಸದು ಕೊಳ್ಳಿ ಎಂದಿತು.

"ನಮ್ಮವ್ವ ಕೊಂಡದ್ದನ್ನ ನಾ ಮತ್ತ ಯಾಕ ಕೊಳ್ಳಬೇಕ್ರಿ? ಸುಟ್ಟಿದ್ದು ಬೋರ್ಡ್! ನಮ್ಮ ಹಕ್ಕೂ ಅದರ ಜೋಡಿ ಸುಟ್ಟದೇನು?"

ಪಕ್ಕದಂಗಡಿಯ ಮಿಕ್ಸರ್ ತಾನಾಗಿಯೇ ನಿಂತಿತು. "ಯವ್ವಾ, ಥೇಟ್ ಅಕ್ಕನ ಗಂಟಲಾ!" ಎಂದ ಮಹಬೂಬಣ್ಣ. ಆಮೇಲೆ ಕ್ರ್ಯಾಕಿನ ಮಾತೆತ್ತಲಿಲ್ಲ. "ಡಿಸ್ಕೂ ಹಳೇದಾಗ್ಯದ, ಮೊದಲ ಎಲ್ಲಾ ಬ್ಯಾರೆ ಕಡಿ ಕಾಪಿ ಮಾಡ್ಕೋ" ಎಂದಷ್ಟೇ ಹೇಳಿ ಹೋದ.

ಹಾಗೆ ಕಾಪಿ ಮಾಡುತ್ತ ಕೂತಾಗ ನಿನ್ನ ಫೋಟೊಗಳು ಸಿಕ್ಕವು. ಅಂಗಡಿಯ ಮೊದಲ ಖಂಡೇನವಮಿ. ಮೂರೂ ಬೆರಳು ಬೆಳ್ಳಗಾಗಿವೆ, ಕೈ ಡಬ್ಬಿಯ ಹತ್ತಿರ ಹೋಗಿದೆ, ಇನ್ನೂ ಮುಟ್ಟಿಲ್ಲ. ಯಾರೋ ಕರೆದಂತೆ ನೀನು ಇತ್ತ ತಿರುಗಿ ನಕ್ಕಿದ್ದೀಯ. ನಿನ್ನ ಬೆರಳ ತುದಿಯಲ್ಲೇ ಆ ಚೀಟಿ. ಹಿಗ್ಗಿಸಿ ನೋಡಿದೆ. ಒಂದಕ್ಷರವೂ ಅಳಿಸಿರಲಿಲ್ಲ.

ನಿನ್ನ ಕೈ ಪಕ್ಕದಿಂದ ಒಂದೊಂದೇ ಅಕ್ಷರ ಓದಿ ಒತ್ತಿದೆ. ಯಂತ್ರ ಒಪ್ಪಿತು. ಕ್ಷಮೆಯನ್ನೇನೂ ಕೇಳಲಿಲ್ಲ, ಅಸಲಿಯಲ್ಲ ಎಂಬ ಆ ಸಾಲನ್ನು ಸುಮ್ಮನೆ ತೆಗೆದುಹಾಕಿತು. ಅದಕ್ಕೇ ನನಗೆ ಸಿಟ್ಟು ಇನ್ನೂ ಇಳಿದಿಲ್ಲ.

ಚೀಟಿಯನ್ನು ಕಿತ್ತಿಲ್ಲ, ಅವ್ವ. ಈ ಖಂಡೇನವಮಿಗೂ ಅದರ ಮೇಲೆಯೇ ವಿಭೂತಿ ಹಚ್ಚುತ್ತೇನೆ. ಅದು ಕದ್ದ ಮಾಲಲ್ಲ.